ಗಾಳಿಯೊಡನೆ ಜಗಳವಾಡುವ ಕಪ್ತಾನ
ನಮ್ಮ ನಾಕ್ಸೋಸ್ ದ್ವೀಪದ ಬಂದರಿನಲ್ಲಿ ಕಪ್ತಾನ ಝಾನಿಸ್‌ನ ಗಂಟಲು ಮೊದಲು ಕೇಳಿಸುತ್ತದೆ, ಆಮೇಲೆ ಅವನ ಹಾಯಿದೋಣಿ ಕಾಣಿಸುತ್ತದೆ. ಬೆಳಿಗ್ಗೆ ಎಂಟತ್ತು ಪ್ರವಾಸಿಗರನ್ನು ಹತ್ತಿಸಿಕೊಂಡು ಕುಫೊನಿಸಿ ದ್ವೀಪಕ್ಕೆ ಹೋಗಿ ಸಂಜೆಗೆ ಮರಳುವ ಆ ದೋಣಿಯಲ್ಲಿ ನಾನು ಅಡುಗೆಯವನು. ಝಾನಿಸ್ ಹತ್ತುವವರ ಚಪ್ಪಲಿಯನ್ನೆಲ್ಲ ಬುಟ್ಟಿಗೆ ಹಾಕಿಸಿ, "ದೋಣಿ ನನ್ನ ಮಗಳಿದ್ದಂಗೆ, ಚಪ್ಪಲಿ ಕಾಲಲ್ಲಿ ತುಳೀತೀರೇನ್ರಿ?" ಎಂದು ಗದರಿಸುತ್ತಾನೆ. ಗಾಳಿ ಬಿದ್ದುಹೋದರೆ ಸೋಮಾರಿ ಅಳಿಯನನ್ನು ಬೈದಂತೆ ಬೈಯುತ್ತಾನೆ, ಎದ್ದರೆ, "ಬಾರಪ್ಪಾ, ಈಗ ನೆನಪಾಯ್ತಾ ನಮ್ಮನೆ?" ಎಂದು ಚುಚ್ಚುತ್ತಾನೆ. ನಾನು ಸುಟ್ಟ ಆಕ್ಟೋಪಸ್ ಮೇಲೆ ನಿಂಬೆ ಹಿಂಡುವುದಷ್ಟೇ ಅವನ ಕೆಲಸ, ಹೊಗಳಿಕೆಯೆಲ್ಲ ಅವನಿಗೇ. ಯಾರಾದರೂ ಅಲೆಗೆ ಹೆದರಿ ಮುದುಡಿ ಕೂತರೆ ಅವರ ಕೈಗೇ ಚುಕ್ಕಾಣಿ ಕೊಟ್ಟು, "ಈಗ ನೀವೇ ಕಪ್ತಾನ್ರು, ನಮ್ಮನ್ನ ಮುಳುಗಿಸ್ಬೇಡಿ" ಎನ್ನುತ್ತಾನೆ. ಈ ಮನುಷ್ಯನಿಗೆ ಹೆದರಿಕೆ ಎಂದರೆ ಏನೆಂದು ಗೊತ್ತಿದೆಯೇ ಎಂಬ ಕುತೂಹಲ ನನಗೆ ಬಹಳ ದಿನ ಇತ್ತು. ಕಳೆದ ಸೆಪ್ಟೆಂಬರಿನಲ್ಲಿ ಅವನ ಹೆಂಡತಿ ಮರೂಸೊ ದೋಣಿ ಹತ್ತಿದಳು. ಅಪ್ಪನನ್ನು ಕಡಲು ನುಂಗಿದ ಮೇಲೆ ಅವಳು ಬಂದರಿನ ಕಟ್ಟೆ ದಾಟಿದವಳೇ ಅಲ್ಲ. ಅಂದು ಝಾನಿಸ್ ಯಾರನ್ನೂ ಗದರಿಸಲಿಲ್ಲ. ತುಂಬಿದ ಹಾಲಿನ ಪಾತ್ರೆ ಹೊತ್ತವನ ಹಾಗೆ ದೋಣಿ ನಡೆಸಿದ. ಅವನ ಅಂಗಿ ಬೆವರಿನಿಂದ ಬೆನ್ನಿಗಂಟಿತ್ತು. ಅವಳು ಹಿಡಿದ ಕಂಬಿ ಬಿಡಲಿಲ್ಲ, ಆದರೆ ಕಣ್ಣನ್ನೂ ಮುಚ್ಚಲಿಲ್ಲ. ಸಂಜೆ ನೆಲಕ್ಕೆ ಕಾಲಿಟ್ಟು, ದೊಡ್ಡದಾಗಿ ಉಸಿರು ಬಿಟ್ಟು, "ಝಾನಿ, ನಾಳೇನೂ ನಂಗೊಂದು ಜಾಗ ಇರುತ್ತಾ?" ಎಂದಳು. ಅವನು ಕಟ್ಟಿ ಮುಗಿಸಿದ್ದ ಹಗ್ಗವನ್ನು ಬಿಚ್ಚಿ ಮತ್ತೆ ಕಟ್ಟುತ್ತ, ತಲೆಯೆತ್ತದೆ ಹೂಂ ಎಂದ.