ಡಬಲ್ ಬಾಸ್‌ಗೆ ದಪ್ಪ ತಂತಿ

೧೯೪೪ರ ಬೇಸಿಗೆ. ನಾನಾಗ ಹಲಸೂರಿನ ಒಂದು ವಾದ್ಯ ರಿಪೇರಿ ಅಂಗಡಿಯಲ್ಲಿ ಮೇಸ್ತ್ರಿ. ಶಾಲೆ ಬಿಟ್ಟದ್ದು ನಾಲ್ಕನೇ ತರಗತಿಗೆ. ಕೆಲಸದಲ್ಲಿ ಮಾತ್ರ ಯಾರಿಂದಲೂ ಬೆರಳು ತೋರಿಸಿಕೊಂಡವನಲ್ಲ.

ಬೆನ್ಸನ್ ಟೌನ್‌ನ ಪೀಟರ್, ಸೋಲ್ಜರುಗಳ ಡಾನ್ಸ್ ಹಾಲಿನಲ್ಲಿ ಡಬಲ್ ಬಾಸ್ ನುಡಿಸುತ್ತಿದ್ದರು. ಪಿಟೀಲಿನ ಆಕಾರದ, ಆಳೆತ್ತರದ ವಾದ್ಯ, ಅವರ ತಂದೆಯದು. ಮನೆಯವರೆಲ್ಲರ ಅನ್ನ ಅದರಿಂದಲೇ. ಹಳೆಯ ಕರುಳಿನ ತಂತಿಗಳು ಹರಿಯುವಂತಿದ್ದವು, ಯುದ್ಧದಿಂದಾಗಿ ಹೊಸವು ಬರುತ್ತಿರಲಿಲ್ಲ. ಯಾರೋ ಸೋಲ್ಜರ್ ಕೊಟ್ಟನೆಂದು ಉಕ್ಕಿನ ಫ್ಲಾಟ್‌ವೌಂಡ್ ತಂತಿಯ ಎರಡು ಸೆಟ್ ತಂದರು. ಚಪ್ಪಟೆ ಪಟ್ಟಿ ಸುತ್ತಿದ ತಂತಿ, ಬೆರಳಿಗೆ ಗಾಜಿನಷ್ಟು ನುಣುಪು. ಒಂದು ಸೆಟ್ಟಿನ ಗೇಜ್, ಅಂದರೆ ದಪ್ಪ, ಕಡಿಮೆ, ಇನ್ನೊಂದರದು ಹೆಚ್ಚು. ದಪ್ಪ ಹೆಚ್ಚಿದಷ್ಟೂ ದನಿ ಜೋರು, ಮರದ ಮೇಲೆ ಎಳೆತವೂ ಜೋರು.

ಬಾಸಿನ ಎದೆ ಹಲಗೆ ತಟ್ಟಿ ಕಿವಿಯಿಟ್ಟೆ. ಒಂದು ಕಡೆ ಒಡಕು ಮಡಕೆಯ ದನಿ.

"ಸಣ್ಣದೇ ಹಾಕೋಣ ಸಾರ್. ಮರ ಒಣಗಿದೆ."

"ಸಣ್ಣದು ಸೊಳ್ಳೆ ಥರ ಗುಂಯ್ ಅನ್ನುತ್ತೆ ಮೇಸ್ತ್ರಿ. ಟ್ರಂಪೆಟ್ ಮುಂದೆ ಯಾರಿಗ್ರೀ ಕೇಳ್ಸುತ್ತೆ? ಬ್ಯಾಂಡ್ ಮಾಸ್ಟರ್ ಆಗ್ಲೇ ಬೇರೆಯವ್ರನ್ನ ಹುಡುಕ್ತಿದ್ದಾರೆ."

"ಹಲಗೆ ಸೀಳಿದ್ರೆ?"

"ತಂತಿ ಹಾಕೋಕೂ ಪಂಚಾಂಗ ನೋಡ್ತೀರಲ್ರೀ!" ಎಂದು ನಗುತ್ತಾ ಬಾಸನ್ನೂ ತಂತಿಗಳನ್ನೂ ಒಯ್ದರು.

ಆ ವಾರವೇ ಜಟಕಾದಲ್ಲಿ ಬಾಸ್ ವಾಪಸ್ ಬಂತು, ಕಂಬಳಿ ಸುತ್ತಿಸಿಕೊಂಡು, ಹೆಣದ ಹಾಗೆ. ಪೀಟರ್ ನಗುತ್ತಿರಲಿಲ್ಲ.

"ದನಿನೇ ಸತ್ತೋಯ್ತು ಮೇಸ್ತ್ರಿ. ಹಳೇ ತಂತಿ ನಾಲ್ಕೂ ಒಟ್ಟಿಗೇ ಬಿಚ್ಚಿ, ದಪ್ಪದ್ದು ಬಿಗಿದೆ."

ನಮ್ಮ ಕಸುಬಿನಲ್ಲಿ ನಾಲ್ಕನ್ನೂ ಒಟ್ಟಿಗೆ ಬಿಚ್ಚುವುದಿಲ್ಲ. ಒಂದನ್ನು ಬದಲಿಸಿದ ಮೇಲೆಯೇ ಇನ್ನೊಂದು. ಒಳಗೆ ಎದೆ ಹಲಗೆಯನ್ನು ಹೊತ್ತು ನಿಂತ ಸೌಂಡ್ ಪೋಸ್ಟ್ ಎಂಬ ಮರದ ಗೂಟಕ್ಕೆ ಅಂಟು ಹಾಕಿರುವುದಿಲ್ಲ. ತಂತಿಗಳ ಒತ್ತಡವೇ ಅದನ್ನು ಹಿಡಿದಿರುವುದು. ಬಾಸನ್ನು ತುಸು ವಾಲಿಸಿದೆ. ಒಳಗೆ ಬಿದ್ದಿದ್ದ ಗೂಟ ಉರುಳಿತು. ದಪ್ಪ ತಂತಿಗಳು ಆಸರೆಯಿಲ್ಲದ ಹಲಗೆಯನ್ನು ಅದುಮುತ್ತಿದ್ದವು. ಹಲಗೆ ಆಗಲೇ ತಗ್ಗಿತ್ತು.

"ಕೈ ತೆಗೀರಿ ಸಾರ್. ಮುಟ್ಲೇಬೇಡಿ."

ಒಂದೇ ತಂತಿಯನ್ನು ಪೂರ್ತಿ ಸಡಿಲ ಬಿಟ್ಟರೆ ಭಾರವೆಲ್ಲ ಒಂದು ಮಗ್ಗುಲಿಗೆ ಬೀಳುತ್ತಿತ್ತು. ಪ್ರತಿಯೊಂದನ್ನೂ ಸರದಿಯಲ್ಲಿ ಕೂದಲೆಳೆಯಷ್ಟೇ ಸಡಿಲಿಸುತ್ತಾ ಬಂದೆ. ಟಕ್. ಎದೆ ಹಲಗೆಯ ಮೇಲೊಂದು ಸೀಳು ಗೆರೆ ಹರಿದು, ಅಂಚಿನ ಹತ್ತಿರ ನಿಂತಿತು. ಪೀಟರ್ ಶಿಲುಬೆಯ ಗುರುತು ಹಾಕಿಕೊಂಡರು.

ಸೀಳು ಅಂಟಿಸಿ, ಗೂಟ ನಿಲ್ಲಿಸಿ, ಪೀಟರ್ ಜೊತೆಗೆ ತಂದಿದ್ದ ಸಣ್ಣ ತಂತಿಗಳನ್ನೇ ಏರಿಸಿದೆ. ಬಾಸ್ ಉಳಿಯಿತು. ಅಷ್ಟರಲ್ಲಿ ಹಾಲಿನಲ್ಲಿ ಪೀಟರ್ ಜಾಗಕ್ಕೆ ಬೇರೊಬ್ಬರು ಬಂದಿದ್ದರು. ದಪ್ಪ ಸೆಟ್ಟನ್ನು ಪೀಟರ್ ನನ್ನ ಮೇಜಿನ ಮೇಲೆಯೇ ಬಿಟ್ಟು ಹೋದರು.

ಕೆಲವೇ ದಿನಗಳಲ್ಲಿ ಆ ಹೊಸಬರು ತಮ್ಮ ಬಾಸ್ ಹೊತ್ತು ಬಂದರು. "ನಿಮ್ಮತ್ರ ದಪ್ಪ ತಂತಿ ಇದ್ಯಂತಲ್ರೀ?"

ಎಷ್ಟು ದಪ್ಪ ಬೇಕೆಂದು ನುಡಿಸುವವರು ಹೇಳಬಹುದು. ಎಷ್ಟು ಹೊರುತ್ತೇನೆಂದು ಮರವೇ ಹೇಳಬೇಕು. ಈ ಕಸುಬು ನನಗೆ ಕಲಿಸಿದ್ದು ಅದು. ತಂತಿಯನ್ನು ಮೇಜಿನ ಡ್ರಾಯರಿಗೆ ತಳ್ಳಿ, ಅವರ ಬಾಸಿನ ಎದೆಗೆ ಕಿವಿಯಿಟ್ಟೆ.