ಎದುರು ಸೀಟಿನವರ ಪ್ರಶ್ನೆಗಳು

ಎದುರು ಸೀಟಿನ ಅಪರಿಚಿತ ಗಂಡಸೊಬ್ಬರು ಕಾಲೇಜಿನ ಮುದ್ರೆಯಿದ್ದ ನನ್ನ ಬಿಸಿನೆಸ್ ಎಕನಾಮಿಕ್ಸ್ ಪುಸ್ತಕವನ್ನೇ ದಿಟ್ಟಿಸುತ್ತಿದ್ದರು. ತೊಂಬತ್ತರ ದಶಕವದು, ಕೊಚ್ಚಿಯಲ್ಲಿ ಎಂ.ಎ. ಓದುತ್ತಿದ್ದ ನಾನು ತಿರುವನಂತಪುರದ ಮನೆಗೆ ರೈಲಿನಲ್ಲಿ ಹೊರಟಿದ್ದೆ. ಹಾಸ್ಟೆಲ್ ಎಲ್ಲಿದೆ, ಗೇಟು ಯಾವಾಗ ಮುಚ್ಚುತ್ತಾರೆ, ಒಬ್ಬಳೇ ಓಡಾಡುತ್ತೀಯಾ ಎಂದು ಮಲಯಾಳದಲ್ಲಿ ಒಂದೇ ಸಮನೆ ಕೇಳತೊಡಗಿದರು. ಇವರಿಗೇಕೆ ಇದೆಲ್ಲ? ಹೆಂಗಸರಿದ್ದ ಸೀಟಿಗೆ ಎದ್ದು ಹೋದೆ. ಇಳಿದಾಗ ನೋಡಿದರೆ ಹಿಂದೆಯೇ ಬರುತ್ತಿದ್ದಾರೆ! ಕೂಗಿಬಿಡೋಣ ಎನ್ನುವಷ್ಟರಲ್ಲಿ ದೂರದಲ್ಲೇ ನಿಂತರು.

“ಹೆದರಬೇಡ ಮೋಳೇ,” ಎಂದರು, ಮಗಳೇ ಎನ್ನುವ ಹಾಗೆ. “ನನ್ನ ಮಗಳಿಗೂ ಇದೇ ಕೋರ್ಸಿಗೆ ಸೀಟು ಸಿಕ್ಕಿದೆ. ಮನೆಯಲ್ಲಿ ಯಾರೂ ಒಪ್ಪುತ್ತಿಲ್ಲ. ಕಳಿಸಲಾ?”

“ಕಳಿಸಿ,” ಎಂದೆ.

ಅಪರಿಚಿತರೆಂದರೆ ನನಗೆ ಈಗಲೂ ಮೊದಲು ಅನುಮಾನವೇ. ಅವರ ಮಗಳು ಮಾತ್ರ ಆ ವರ್ಷದ ಜೂನ್‌ನಲ್ಲಿ ನನ್ನ ಪಕ್ಕದ ಕೋಣೆಗೇ ಬಂದಳು. ಇಂದಿಗೂ ನನ್ನನ್ನು ಚೇಚಿ, ಅಂದರೆ ಅಕ್ಕ, ಎಂದೇ ಕರೆಯುತ್ತಾಳೆ.