ಬಸ್ ಸ್ಟಾಪಿನಲ್ಲಿ ಕುಳಿತ ಬಂಗಡಿ

ಸಾಕುಪ್ರಾಣಿಗಳ ಜಾಣತನದ ಕತೆ ಕೇಳುವಾಗ ನನಗೆ ಮೊದಲಿನಿಂದಲೂ ಒಂದು ಬಗೆಯ ಅಸಹನೆ. ಯಾರದೋ ನಾಯಿಗೆ ಯಜಮಾನನ ಸಾವು ಮೊದಲೇ ತಿಳಿದಿತ್ತಂತೆ, ಯಾರದೋ ಆಕಳು ಕನಸಿನಲ್ಲಿ ಬಂದು ದಾರಿ ತೋರಿಸಿತಂತೆ. ಇಂಥ ಮಾತು ಶುರುವಾದರೆ ಚಹಾದ ಲೋಟ ಹಿಡಿದು ಎದ್ದು ಹೋಗುವವಳು ನಾನು. ಕಾರವಾರದ ಹತ್ತಿರ ಬಿಣಗಾದ ಕಡೆ ಒಂದು ಪ್ರಯೋಗಾಲಯದಲ್ಲಿ ನನಗೆ ಕೆಲಸ. ಒಂದು ಪರೀಕ್ಷೆಯನ್ನು ಮತ್ತೆ ಮಾಡಿದಾಗಲೂ ಅದೇ ಉತ್ತರ ಬಂದರೆ ಮಾತ್ರ ನಿಜ ಎನ್ನುವ ಜನರ ನಡುವೆ ನನ್ನ ದಿನ ಕಳೆಯುತ್ತದೆ. ಹಾಗಿರುವಾಗ ಈಗ ನಾನೇ ಒಂದು ಬೆಕ್ಕಿನ ಕತೆ ಹೇಳಹೊರಟಿರುವುದು ನನಗೂ ಸ್ವಲ್ಪ ಮುಜುಗರದ ವಿಷಯವೇ. ನೀವು ನಂಬಲೇಬೇಕೆಂಬ ಹಟ ನನಗಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿಬಿಡುತ್ತೇನೆ.

ನಮ್ಮ ಮನೆ ಇರುವುದು ಹಾರವಾಡದಲ್ಲಿ, ಕಾರವಾರದಿಂದ ಅಂಕೋಲೆಗೆ ಹೋಗುವ ದಾರಿಯಲ್ಲಿ. ಒಂದು ಬದಿಗೆ ಸಮುದ್ರ, ಇನ್ನೊಂದು ಬದಿಗೆ ಗದ್ದೆ ದಾಟಿದರೆ ಹೆದ್ದಾರಿ. ಆಗ ಮನೆಯಲ್ಲಿ ಅಜ್ಜಿ, ಅಪ್ಪ, ನಾನು ಆಯಿ ಎನ್ನುವ ಅಮ್ಮ, ಇನ್ನೂ ಮದುವೆಯಾಗದ ಗಣಪು ಚಿಕ್ಕಪ್ಪ ಮತ್ತು ಕಾಲೇಜಿಗೆ ಹೋಗುತ್ತಿದ್ದ ನಾನು. ಅಪ್ಪ, ಚಿಕ್ಕಪ್ಪ ಇಬ್ಬರೂ ಸೇರಿ ಒಂದು ಪಾತಿ ದೋಣಿ ಇಟ್ಟುಕೊಂಡು ಮೀನು ಹಿಡಿಯುತ್ತಿದ್ದರು. ಹಿಂದಕ್ಕೆ ಸಣ್ಣ ಎಂಜಿನ್ ಕಟ್ಟಿದ ದೋಣಿ ಅದು.

ಬೆಕ್ಕನ್ನು ಮನೆಗೆ ತಂದವನು ಚಿಕ್ಕಪ್ಪ. ಮಳೆಗಾಲದಲ್ಲಿ ಬಲೆಯ ರಾಶಿಯೊಳಗೆ ಒಂದು ಮರಿ ಸಿಕ್ಕಿಕೊಂಡು ಕಿರುಚುತ್ತಿತ್ತಂತೆ. ಮೈಮೇಲೆ ಬಂಗಡೆ ಮೀನಿನ ಬೆನ್ನಿನ ಮೇಲಿರುವಂಥದೇ ಪಟ್ಟೆ. ಅದಕ್ಕೇ ಬಂಗಡಿ ಎಂದು ಹೆಸರಾಯಿತು. ಅದರ ಬಿನ್ನಾಣ ಒಂದೆರಡಲ್ಲ. ಅಂಗಳದಲ್ಲಿ ಒಣಹಾಕಿದ ಮೀನಿಗೆ ಕಾಗೆ ಬಾರದಂತೆ ತಾನೇ ಕಾವಲು ಕೂರುತ್ತಿತ್ತು, ಕಾವಲಿನ ಕೂಲಿಯನ್ನು ನಮ್ಮನ್ನು ಕೇಳದೆ ತಾನೇ ತೆಗೆದುಕೊಳ್ಳುತ್ತಿತ್ತು. ಪೇಟೆಯಿಂದ ತಂದ ಮೀನನ್ನು ಮೂಸಿ ನೋಡಿ, ಮಣ್ಣು ಕೆರೆದು ಮುಚ್ಚುವ ಹಾಗೆ ನೆಲ ಕೆರೆದು ಹೋಗುತ್ತಿತ್ತು. ಆಯಿಗೆ ಅದರಷ್ಟು ಸಿಟ್ಟು ಬರಿಸುವ ಪ್ರಾಣಿ ಇನ್ನೊಂದಿರಲಿಲ್ಲ. ಬಾಗಿಲಿನ ಚಿಲಕ ತೆಗೆಯಲು ಕಲಿತಿತ್ತು, ಹಾಕುವುದನ್ನು ಮಾತ್ರ ಕಲಿಯಲಿಲ್ಲ.

ಊರಿನವರು ಮಾತಾಡಿಕೊಳ್ಳುತ್ತಿದ್ದುದು ಬೇರೆಯದೇ ವಿಷಯ. ಚಿಕ್ಕಪ್ಪ ಸಮುದ್ರಕ್ಕೆ ಹೋದ ದಿನ ಬಂಗಡಿ ಎಲ್ಲೇ ಮಲಗಿರಲಿ, ದೋಣಿ ಕಣ್ಣಿಗೆ ಬೀಳುವ ಮೊದಲೇ ಎದ್ದು ಮೈಮುರಿದು ದಂಡೆಗೆ ಹೋಗಿ ಕೂರುತ್ತಿತ್ತು. ಅದು ಹೊರಟಿತೆಂದರೆ ಅಜ್ಜಿ ಒಲೆಯ ಮೇಲೆ ಅನ್ನಕ್ಕೆ ನೀರಿಡುತ್ತಿದ್ದಳು. ಎಂದೂ ತಪ್ಪಿದ್ದಿಲ್ಲ. ನಾನು ನಗುತ್ತಿದ್ದೆ. ಬೆಕ್ಕಿನ ಕಿವಿ ಚುರುಕು, ಒಂದೊಂದು ಎಂಜಿನ್ನಿನ ಸದ್ದೂ ಒಂದೊಂದು ಥರ, ಇದರಲ್ಲಿ ದೇವರು ದಿಂಡರು ಎಂಥದೂ ಇಲ್ಲ ಎಂದು ಅಜ್ಜಿಗೆ ಪಾಠ ಹೇಳುತ್ತಿದ್ದೆ. ಈಗಲೂ ಅಷ್ಟರ ಮಟ್ಟಿಗೆ ನನ್ನ ಮಾತು ಸರಿ ಎಂದೇ ಅಂದುಕೊಂಡಿದ್ದೇನೆ.

ನಮ್ಮಲ್ಲಿ ಮಳೆಯ ಅಬ್ಬರ ತಗ್ಗಿದ ಮೇಲೆ, ಶ್ರಾವಣದ ನಾರಳಿ ಹುಣ್ಣಿಮೆಯ ದಿನ ಸಮುದ್ರಕ್ಕೆ ತೆಂಗಿನಕಾಯಿ ಬಿಡಬೇಕು. ಕಾಯಿ ಬಿಡದೆ ಆ ವರ್ಷದ ಮೀನುಗಾರಿಕೆ ಶುರು ಮಾಡುವುದಿಲ್ಲ. ದೊಡ್ಡ ಟ್ರಾಲರುಗಳು ಮಳೆಗಾಲದ ನಿಷೇಧ ಮುಗಿಯುವ ಸರಕಾರದ ತಾರೀಖು ನೋಡಿ ಹೊರಡುತ್ತವೆ, ನಮ್ಮಂಥ ಮನೆಗಳು ಹುಣ್ಣಿಮೆ ನೋಡುತ್ತವೆ. ಆ ವರ್ಷ ಹುಣ್ಣಿಮೆಯ ಹಿಂದಿನ ದಿನ ಬೆಳಿಗ್ಗೆ ಸಮುದ್ರ ತಣ್ಣಗಿತ್ತು. ಚಿಕ್ಕಪ್ಪ ದೋಣಿ ಇಳಿಸಲು ಹೊರಟ. ಅಪ್ಪ ಅಡ್ಡ ನಿಂತ.

"ಕಾಯಿ ಬಿಡೂಕೆ ಇನ್ನೊಂದು ದಿನ ಉಂಟಲ. ಅಷ್ಟು ತಡೂಕೆ ಆಗೂದಿಲ್ವ ನಿಂಗೆ?"

"ಟ್ರಾಲರಿನವ್ರು ಬಾಚ್ಕಂಡ್ ಬರ್ತೇ ಇದ್ರು ಅಣ್ಣಾ. ನಾವು ಕಾಯಿ ಹಿಡ್ಕಂಡ್ ಕುಂತ್ಕಂಬೂದೇ?"

ಮಾತಿಗೆ ಮಾತು ಬೆಳೆಯಿತು. ಇಬ್ಬರದೂ ಒಂದೇ ರಕ್ತ, ಸೋಲುವುದು ಇಬ್ಬರಿಗೂ ಬರುವುದಿಲ್ಲ. ಕೊನೆಗೆ ಅಪ್ಪ, "ಹೋಗೂದಾದ್ರೆ ಹೋಗು. ಮತ್ತೆ ಈ ಹೊಸಲು ಮೆಟ್ಟೂದ್ ಬೇಡ" ಎಂದುಬಿಟ್ಟ. ಚಿಕ್ಕಪ್ಪ ತಿರುಗಿ ನೋಡದೆ ಒಬ್ಬನೇ ದೋಣಿ ತಳ್ಳಿಕೊಂಡು ಹೋದ.

ಮಧ್ಯಾಹ್ನದ ಮೇಲೆ ಗಾಳಿ ಎದ್ದಿತು. ಸಂಜೆಯಾದರೂ ಅವನು ಬರಲಿಲ್ಲ, ಫೋನು ಹೋಗುತ್ತಿರಲಿಲ್ಲ. ಊರಿನ ದೋಣಿಗಳು ಹುಡುಕಿ ಬಂದವು. ಕರಾವಳಿ ಕಾವಲು ಪಡೆಯವರಿಗೂ ತಿಳಿಸಿದ್ದಾಯಿತು. ಮರುದಿನ ಬೆಳಿಗ್ಗೆ ಬೇಲೇಕೇರಿ ಕಡೆಯಿಂದ ಸುದ್ದಿ ಬಂತು, ಮಗುಚಿದ ಪಾತಿ ದೋಣಿಯೊಂದು ತೇಲುತ್ತಿತ್ತು ಎಂದು. ಬಣ್ಣ ನಮ್ಮದೇ. ಅಪ್ಪ ಊಟಕ್ಕೆ ಕೂರಲಿಲ್ಲ. ಹೊಸ್ತಿಲ ಮೇಲೆ ಕುಳಿತಿದ್ದವನು, ಯಾರೋ ಹೇಳಿದ ಹಾಗೆ ತಟ್ಟನೆ ಅಲ್ಲಿಂದ ಎದ್ದು ಅಂಗಳದಲ್ಲಿ ಹೋಗಿ ನಿಂತ. ಆ ಚಿತ್ರ ನನ್ನ ಕಣ್ಣಿನಿಂದ ಇನ್ನೂ ಹೋಗಿಲ್ಲ.

ಆ ದಿನವೇ ಹುಣ್ಣಿಮೆ. ಬೇರೆ ವರ್ಷ ಆ ದಿನವೆಂದರೆ ನನಗೆ ಎಷ್ಟು ಇಷ್ಟವಾಗಿತ್ತು ಎಂದು ಹೇಳಲಾರೆ. ಹೊಸ ಬಟ್ಟೆ, ಕೊಬ್ಬರಿ ಹಾಕಿದ ಸಿಹಿ, ದಂಡೆಯ ತುಂಬ ಜನ. ಚಿಕ್ಕಪ್ಪ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಅಲೆಯೊಳಗೆ ಓಡುತ್ತಿದ್ದ ಕಾಲವೂ ಒಂದಿತ್ತು. ಆ ವರ್ಷವೂ ಮಧ್ಯಾಹ್ನ ಕಳೆದು ಊರೆಲ್ಲ ದಂಡೆಗೆ ಬಂತು, ಆದರೆ ಜನ ನಮ್ಮನ್ನು ನೋಡಿ ದನಿ ತಗ್ಗಿಸಿದರು. ಅಜ್ಜಿ ಕುಂಕುಮ ಹಚ್ಚಿದ ಕಾಯಿಯನ್ನು ಮಡಿಲಲ್ಲಿ ಇಟ್ಟುಕೊಂಡು ಮರಳಿನಲ್ಲಿ ಕುಳಿತಿದ್ದಳು. ಬಂಗಡಿ ಅವಳ ಪಕ್ಕದಲ್ಲಿತ್ತು. ಅಜ್ಜಿ ನೋಡುತ್ತಿದ್ದುದು ಸಮುದ್ರವನ್ನಲ್ಲ, ಬೆಕ್ಕಿನ ಮುಖವನ್ನು.

ಸ್ವಲ್ಪ ಹೊತ್ತಿಗೆ ಬಂಗಡಿ ಎದ್ದು ಮೈಮುರಿಯಿತು. ಅಜ್ಜಿ ಮಡಿಲಿನ ಕಾಯಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಬೆಕ್ಕು ಸಮುದ್ರದ ಕಡೆ ಒಮ್ಮೆಯೂ ನೋಡದೆ ತಿರುಗಿ, ತೆಂಗಿನ ತೋಪಿನ ನಡುವೆ ಗದ್ದೆಯ ಕಡೆ ನಡೆದುಹೋಯಿತು.

"ಸಮುದ್ರಕ್ಕೆ ಬೆನ್ನು ಹಾಕ್ತು ಅದು," ಎಂದಳು ಅಜ್ಜಿ. ಅಳಲಿಲ್ಲ. "ಇನ್ನು ದಾರಿ ನೋಡೂದೆಂತಕ್ಕೆ? ಕಾಯಿ ಬಿಡು ಮಗಾ. ಅವನ ಹೆಸರಲ್ಲೇ ಬಿಡು."

ಅಪ್ಪ ಕಾಯಿ ತೆಗೆದುಕೊಂಡು ನೀರಿಗಿಳಿದ. ನನಗೆ ಮೈಯೆಲ್ಲ ಉರಿಯಿತು. ಒಂದು ಬೆಕ್ಕು ಎದ್ದು ಹೋಯಿತೆಂದು ಮನುಷ್ಯನನ್ನು ಸತ್ತವರ ಲೆಕ್ಕಕ್ಕೆ ಸೇರಿಸುವುದೇ? ಅದನ್ನು ಹಿಡಿದು ತಂದು ಅಜ್ಜಿಯ ಮುಂದೆ ಸಮುದ್ರದ ಕಡೆ ಮುಖ ಮಾಡಿ ಕೂರಿಸುತ್ತೇನೆ, ಆಗ ಅವಳು ಮಾತು ಹಿಂದಕ್ಕೆ ತೆಗೆದುಕೊಳ್ಳುತ್ತಾಳೆ ಎಂದು ಓಡಿದೆ. ಬೆಕ್ಕನ್ನು ನಂಬದ ನಾನು ಆ ಹೊತ್ತಿನಲ್ಲಿ ಬೆಕ್ಕಿಗಾಗಿಯೇ ಓಡುತ್ತಿದ್ದೆ ಎಂಬುದು ಆಮೇಲೆ ಹೊಳೆಯಿತು.

ಬಂಗಡಿ ಗದ್ದೆಯ ಬದುವಿನ ಮೇಲೆ ಅವಸರವಿಲ್ಲದೆ ಹೋಗುತ್ತಿತ್ತು. ನಾನು ಹತ್ತಿರ ಹೋದರೆ ಓಡುವುದು, ನಿಂತರೆ ನಡೆಯುವುದು. ಲಾರಿಗಳ ಸದ್ದಿಗೆ ಹೆದರಿ ಹೆದ್ದಾರಿಯ ಹತ್ತಿರ ಅದು ಎಂದೂ ಸುಳಿದದ್ದಿಲ್ಲ. ಆ ದಿನ ನೇರವಾಗಿ ಬಸ್ ಸ್ಟಾಪಿಗೆ ಹೋಗಿ, ಸಿಮೆಂಟಿನ ಕಟ್ಟೆ ಹತ್ತಿ, ಕಾರವಾರದ ಕಡೆ ಮುಖ ಮಾಡಿ ಕುಳಿತಿತು. ದಂಡೆಯಲ್ಲಿ ಕೂರುವ ರೀತಿಯಲ್ಲೇ, ಬಾಲವನ್ನು ಕಾಲಿಗೆ ಸುತ್ತಿಕೊಂಡು. ಎತ್ತಲು ಹೋದೆ, ಕೈ ಪರಚಿತು. ನನಗೂ ಸಾಕಾಗಿಹೋಗಿತ್ತು. ಅದರ ಪಕ್ಕದಲ್ಲಿ ಕುಳಿತು ಅತ್ತುಬಿಟ್ಟೆ. ಹಾಗೆ ಬಹಳ ಹೊತ್ತು ಕುಳಿತಿದ್ದೆವು. ಒಂದೆರಡು ಬಸ್ಸು ನಿಂತು ಹೋದವು. ಬೆಕ್ಕು ಕಿವಿ ಕೂಡ ಅಲ್ಲಾಡಿಸಲಿಲ್ಲ.

ಆಮೇಲೆ ಅಂಕೋಲೆಗೆ ಹೋಗುವ ಲೋಕಲ್ ಬಸ್ಸೊಂದು ಬಂತು. ಖಾಲಿ ಬುಟ್ಟಿ ಹಿಡಿದ ಮೀನು ಮಾರುವ ಹೆಂಗಸೊಬ್ಬಳು ಇಳಿದಳು. ಬಸ್ಸು ಹೊರಟಿತು. ಬಂಗಡಿ ಎದ್ದು ನಿಂತಿತು. ಸ್ವಲ್ಪ ಮುಂದೆ ಹೋದ ಬಸ್ಸು ಮತ್ತೆ ನಿಂತಿತು, ಕಂಡಕ್ಟರ್ ಬೈಯುವುದು ಕೇಳಿಸಿತು, ಯಾರದೋ ದೊಗಳೆ ಅಂಗಿ ತೊಟ್ಟ ಒಬ್ಬ ಇಳಿದ. ಬರಿಗಾಲು. ಚಿಕ್ಕಪ್ಪ.

ನಾನು ಎದ್ದು ನಿಂತೆ. ಹತ್ತಿರ ಬಂದವನು ನನ್ನನ್ನು ನೋಡಲಿಲ್ಲ, ಬೆಕ್ಕನ್ನೇ ನೋಡುತ್ತಿದ್ದ.

"ಇದನ್ನ ಇಲ್ಲಿ ಯಾರು ತಂದ್ರು ತಂಗೀ?"

"ಯಾರೂ ತರ್ಲಿಲ್ಲ. ಅದೇ ಬಂತು. ನಾ ಅದ್ರ ಹಿಂದೆ ಬಂದೆ."

ದೋಣಿ ಮಗುಚಿದ ಮೇಲೆ ಗೋವೆಯ ಕಡೆಯ ಟ್ರಾಲರೊಂದು ಅವನನ್ನು ಎತ್ತಿಕೊಂಡು ಹಿಂದಿನ ದಿನ ಸಂಜೆ ಕಾರವಾರದ ಬಂದರಿನಲ್ಲಿ ಇಳಿಸಿತ್ತು. ಅಷ್ಟನ್ನು ಗದ್ದೆಯ ಬದುವಿನ ಮೇಲೆ ಹೇಳಿದ. ತೋಪಿನ ಹತ್ತಿರ ಬಂದಾಗ ಅವನ ಕಾಲು ನಿಂತಿತು.

"ಅಣ್ಣ ಎಂತ ಮಾಡ್ತಾ ಇದ್ದ?"

"ನೀರಲ್ಲಿ ನಿಂತಿದ್ದ. ನಿನ್ನ ಹೆಸರಲ್ಲಿ ಕಾಯಿ ಬಿಡೂಕೆ."

ನಾವು ದಂಡೆಗೆ ಬಂದಾಗ ಹೊತ್ತು ಇಳಿದಿತ್ತು. ಊರಿನವರ ಕಾಯಿಗಳೆಲ್ಲ ತೇಲಿಹೋಗಿದ್ದವು. ಅಪ್ಪ ಮಾತ್ರ ಸೊಂಟದವರೆಗಿನ ನೀರಿನಲ್ಲಿ, ಕಾಯಿಯನ್ನು ಎದೆಗೆ ಒತ್ತಿ ಹಿಡಿದು, ನಾನು ಬಿಟ್ಟುಹೋದಲ್ಲೇ ನಿಂತಿದ್ದ. ಬಿಡಲು ಅವನಿಂದ ಆಗಿರಲಿಲ್ಲ. ಚಿಕ್ಕಪ್ಪ ಆ ಪರರ ಅಂಗಿಯಲ್ಲೇ ನೀರಿಗಿಳಿದು ಹೋಗಿ ಕಾಯಿಯ ಕೆಳಗೆ ಕೈ ಕೊಟ್ಟ. ಅಪ್ಪ ಅವನ ಮುಖ ನೋಡಿದ, ಅಲೆ ಬಡಿದು ಇಬ್ಬರೂ ತೂರಾಡಿದರು, ಕಾಯಿ ಇಬ್ಬರ ಕೈಯಿಂದಲೂ ಜಾರಿ ಹೋಯಿತು. ಏನು ಮಾತಾಡಿದರೋ ದಂಡೆಗೆ ಕೇಳಿಸಲಿಲ್ಲ. ಅಜ್ಜಿ ಎದ್ದು ಅನ್ನಕ್ಕೆ ನೀರಿಡಲು ಮನೆಗೆ ಹೋದಳು.

ಇಷ್ಟೇ ಆಗಿದ್ದರೆ ನಾನು ಹೇಗಾದರೂ ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಬೆಕ್ಕು ಜನಜಂಗುಳಿಗೆ ಬೇಸತ್ತು ಹೋಗಿರಬಹುದು, ಬಸ್ಸು ಬಂದದ್ದು ಕಾಕತಾಳೀಯ ಇರಬಹುದು. ಆದರೆ ಬಂಗಡಿ ವಯಸ್ಸಾಗಿ ತೀರಿಕೊಂಡ ವರ್ಷ, ಅದನ್ನು ತೆಂಗಿನ ಬುಡದಲ್ಲಿ ಹೂತು ಬಂದು ಕೈ ತೊಳೆಯುತ್ತ ಚಿಕ್ಕಪ್ಪ ನನಗೊಬ್ಬಳಿಗೇ ಒಂದು ಮಾತು ಹೇಳಿದ. ಆ ದಿನ ಅವನು ಮನೆಗೆ ಬರುತ್ತಿರಲಿಲ್ಲ. ದೋಣಿ ಕಳೆದುಕೊಂಡು ಯಾವ ಮುಖ ಹೊತ್ತು ಆ ಹೊಸಲು ಮೆಟ್ಟುವುದೆಂದು ಬಂದರಿನಲ್ಲೇ ರಾತ್ರಿ ಕಳೆದು, ಮಲ್ಪೆಗೆ ಹೋಗಿ ಯಾವುದಾದರೂ ಟ್ರಾಲರು ಸೇರುವುದೆಂದು ನಿಶ್ಚಯಿಸಿ, ಮೊದಲು ಅಂಕೋಲೆಯವರೆಗೆ ಟಿಕೆಟ್ ತೆಗೆಸಿದ್ದ. ಸತ್ತನೆಂದೇ ತಿಳಿದುಕೊಳ್ಳಲಿ ಎಂದುಕೊಂಡಿದ್ದನಂತೆ. ನಮ್ಮೂರು ಬಂದಾಗ ಯಾರೂ ಗುರುತಿಸದಿರಲೆಂದು ತಲೆ ತಗ್ಗಿಸಿದ್ದ. ಬಸ್ಸು ಹೊರಟ ಮೇಲೆ ಒಮ್ಮೆ ಕಣ್ಣೆತ್ತಿದಾಗ ಕಟ್ಟೆಯ ಮೇಲೆ ಬಂಗಡಿ ಕಂಡಿತು.

"ನಾ ಇಲ್ಲೇ ಇದ್ದೆ, ನೀ ಇಳಿ ಅಂತ ಅದು ಅಂದ ಹಾಗಾಯ್ತು ಮಾರಾಯ್ತಿ," ಎಂದ. ಮತ್ತೆ ಆ ಸುದ್ದಿ ಎತ್ತಲಿಲ್ಲ.

ಈ ಮಾತು ಕೇಳಿದಂದಿನಿಂದ ನನ್ನ ಲೆಕ್ಕ ತಪ್ಪಿದೆ. ಬೆಕ್ಕು ಕುಳಿತಿದ್ದಕ್ಕೆ ಅವನು ಇಳಿದ. ಅವನು ಇಳಿಯುವವನೆಂದು ಬೆಕ್ಕು ಕುಳಿತಿತ್ತು. ಯಾವುದು ಮೊದಲು, ಯಾವುದು ಆಮೇಲೆ? ಅದು ದಂಡೆಯಿಂದ ಎದ್ದಾಗ ಅವನಿನ್ನೂ ಬಸ್ಸನ್ನೇ ಹತ್ತಿರಲಿಲ್ಲ. ಹತ್ತಿದ ಮೇಲೂ ಇಳಿಯುವ ಮನಸ್ಸು ಇರಲಿಲ್ಲ. ಇಲ್ಲದ ಮನಸ್ಸನ್ನು ಯಾವ ಕಿವಿ ಕೇಳಿಸಿಕೊಂಡೀತು, ಯಾವ ಮೂಗು ಮೂಸೀತು? ಉತ್ತರ ಬಲ್ಲೆವೆನ್ನುವವರ ಮಾತಿಗೆ ನಾನು ಇಂದಿಗೂ ಎದ್ದೇ ಹೋಗುತ್ತೇನೆ.

ಅಣ್ಣತಮ್ಮ ಇಬ್ಬರಿಗೂ ಈಗ ತಲೆ ಬೆಳ್ಳಗಾಗಿದೆ. ಒಂದೇ ಜಗಲಿಯಲ್ಲಿ ಕುಳಿತು ಬಲೆ ಹೆಣೆಯುತ್ತ ದಿನವಿಡೀ ಜಗಳವಾಡುತ್ತಾರೆ. ಆ ಹುಣ್ಣಿಮೆಯ ಮಾತು ಬಂದಾಗ ಅಪ್ಪ ಎಲ್ಲರಿಗೂ ಹೆಮ್ಮೆಯಿಂದ ಹೇಳುವುದು ಒಂದೇ: "ನಾ ಎಷ್ಟು ಬೈದ್ರೂ ಅಂವ ಸೀದಾ ಮನೆಗೇ ಬಂದ." ಆಗ ಚಿಕ್ಕಪ್ಪ ತಲೆ ತಗ್ಗಿಸಿ ಬಲೆಯ ಗಂಟು ಹುಡುಕುತ್ತಾನೆ, ನಾನು ಬೇರೆ ಕಡೆ ನೋಡುತ್ತೇನೆ. ತಮ್ಮ ಮನೆಗೇ ಬರುತ್ತಿದ್ದ ಎಂದು ಅಪ್ಪ ಇಂದಿಗೂ ನಂಬಿದ್ದಾನೆ. ಬೆಕ್ಕು ಕೂಡ ಅಷ್ಟನ್ನೇ ನಂಬಿತ್ತೋ ಏನೋ, ನನಗೆ ತಿಳಿಯದು.